ಹಾರ್ಡ್ ಡಿಸ್ಕಿನಿಂದ ಹಾರ್ಡ್ ಡಿಸ್ಕಿಗೆ ಕಾಪಿ: ಫೈಲ್ ಕೆಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ?

ದಾವಣಗೆರೆಯಲ್ಲಿ ಮದುವೆ ಸೀಸನ್ ಶುರುವಾದರೆ ಫೋಟೋ ಸ್ಟುಡಿಯೋದವರ ಹಾರ್ಡ್ ಡಿಸ್ಕುಗಳಿಗೆ ಬಿಡುವೇ ಇಲ್ಲ. ಕಲ್ಯಾಣ ಮಂಟಪದಿಂದ ಬಂದ ಕ್ಯಾಮೆರಾ ಕಾರ್ಡು ಒಂದು ಡಿಸ್ಕಿಗೆ ಇಳಿಯುತ್ತದೆ. ಅಲ್ಲಿಂದ ಎಡಿಟಿಂಗ್ ಮಾಡುವವರ ಡಿಸ್ಕಿಗೆ, ಆಮೇಲೆ ಆಲ್ಬಂ ಡಿಸೈನ್ ಮಾಡುವವರ ಡಿಸ್ಕಿಗೆ. ಎಷ್ಟೋ ಸಲ ಅದೇ ಡಿಸ್ಕು ಬಸ್ಸು ಹತ್ತಿ ಹರಿಹರಕ್ಕೋ ಚಿತ್ರದುರ್ಗಕ್ಕೋ ಹೋಗಿ ಬರುತ್ತದೆ. ಪ್ರತಿ ಸಲವೂ ಒಂದು ಕಾಪಿ. ಹಸಿರು ಪಟ್ಟಿ ನೂರಕ್ಕೆ ಮುಟ್ಟಿತು, ಕಿಟಕಿ ಮುಚ್ಚಿಕೊಂಡಿತು, ಸರಿ ಅಂತ ಎದ್ದು ಹೋಗುತ್ತೇವೆ. ಆರು ತಿಂಗಳ ಮೇಲೆ ಆಲ್ಬಂಗೆ ಫೋಟೋ ಆರಿಸಲು ಕೂತಾಗ ಧಾರೆಯ ಫೋಟೋದಲ್ಲಿ ಕೆಳಗಿನ ಅರ್ಧ ಬರೀ ಬೂದು ಬಣ್ಣ. ಅಷ್ಟೊತ್ತಿಗೆ ಕ್ಯಾಮೆರಾ ಕಾರ್ಡಿನಲ್ಲಿ ಬೇರೆ ಹತ್ತು ಮದುವೆ ಆಗಿ ಹೋಗಿರುತ್ತವೆ.

ಸ್ಟುಡಿಯೋ ಉದಾಹರಣೆ ಹೇಳಿದೆ ಅಷ್ಟೇ. ಅಂಗಡಿ ಲೆಕ್ಕದ ಬ್ಯಾಕಪ್, ಮಗನ ಕಾಲೇಜು ಪ್ರಾಜೆಕ್ಟು, ಮನೆಯ ಹಳೇ ವಿಡಿಯೋ ಇವಕ್ಕೂ ಇದೇ ಕಥೆ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ‘ಕಾಪಿ ಮುಗಿಯಿತು’ ಅಂತ ಕಂಪ್ಯೂಟರ್ ಹೇಳಿದರೆ ಅದರ ಅರ್ಥ ಇಷ್ಟೇ: ನಾನು ಕೊಟ್ಟೆ, ಡಿಸ್ಕು ತಗೊಂಡೆ ಅಂದಿತು. ಬರೆದದ್ದನ್ನು ಮತ್ತೆ ಓದಿ ಮೂಲದ ಜೊತೆ ಹೋಲಿಸಿ ನೋಡುವ ಕೆಲಸವನ್ನು ವಿಂಡೋಸಿನ ಮಾಮೂಲಿ ಕಾಪಿ-ಪೇಸ್ಟ್ ಮಾಡುವುದಿಲ್ಲ. ಆ ಕೆಲಸ ನಮ್ಮದೇ. ಅದನ್ನು ಮಾಡುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು, ಹಳೇ ಫೋಲ್ಡರ್ ಡಿಲೀಟ್ ಮಾಡಬಾರದು. ಈ ಲೇಖನದ ಮಿಕ್ಕಿದ್ದೆಲ್ಲ ಇದನ್ನು ಮಾಡೋದು ಹೇಗೆ ಅನ್ನುವುದರ ಬಗ್ಗೆ.

ಗಾತ್ರ ನೋಡಿದರೆ ಸಾಕಲ್ವಾ?

ಸಾಕಾಗಲ್ಲ. ಎರಡೂ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಗಾತ್ರ ಹೋಲಿಸಿ ‘ಸರಿಯಿದೆ’ ಅನ್ನುವವರೇ ಜಾಸ್ತಿ. ಎ.ಪಿ.ಎಂ.ಸಿ.ಯಲ್ಲಿ ಚೀಲದ ತೂಕ ಸರಿ ಬಂದ ಮಾತ್ರಕ್ಕೆ ಒಳಗಿರುವುದು ನೀವು ತುಂಬಿ ಕಳಿಸಿದ ಮೆಕ್ಕೆಜೋಳವೇ ಅಂತ ಹೇಳೋಕಾಗುತ್ತಾ? ಇದೂ ಹಾಗೇ. ಫೈಲು ಪೂರ್ತಿ ಬಂದಿಲ್ಲ ಅಂದರೆ ಗಾತ್ರ ಅದನ್ನು ಹೇಳುತ್ತದೆ. ಒಳಗೆ ಬದಲಾಗಿದ್ದರೆ ಹೇಳುವುದಿಲ್ಲ.

ಎರಡು ನಿಮಿಷದ ಒಂದು ಪ್ರಯೋಗ ಮಾಡಿ ನೋಡಿ. ನೋಟ್‌ಪ್ಯಾಡ್ ತೆರೆದು ‘ಕಂಡ’ ಅಂತ ಮಾತ್ರ ಬರೆದು, ಯು.ಟಿ.ಎಫ್-8 ಆಯ್ಕೆಯಲ್ಲಿ ಸೇವ್ ಮಾಡಿ. ಇನ್ನೊಂದು ಫೈಲಿನಲ್ಲಿ ‘ಗಂಡ’ ಅಂತ ಬರೆದು ಹಾಗೇ ಸೇವ್ ಮಾಡಿ. ಎರಡರ ಗಾತ್ರವೂ 9 ಬೈಟ್, ಅಕ್ಷರಕ್ಕೆ ಮೂರರಂತೆ (ಅನುಸ್ವಾರವೂ ಲೆಕ್ಕಕ್ಕೆ ಒಂದು ಅಕ್ಷರ). ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ‘ಕ’ದ ಸಂಖ್ಯೆ 95ರಲ್ಲಿ ಮುಗಿಯುತ್ತದೆ, ‘ಗ’ದ್ದು 97ರಲ್ಲಿ. ಇವು ಹೆಕ್ಸ್ ಅಂಕಿಗಳು, ಅಂದರೆ ಹದಿನಾರರ ಲೆಕ್ಕದವು. ಡಿಸ್ಕಿನ ಮೇಲೆ ಸೊನ್ನೆ-ಒಂದುಗಳಾಗಿ ಇಳಿದಾಗ ಮೊದಲನೆಯದು 10010101, ಎರಡನೆಯದು 10010111. ಎಣಿಸಿ ನೋಡಿ, ಒಂದೇ ಒಂದು ಬಿಟ್ ಬೇರೆ. ದಾರಿಯಲ್ಲಿ ಎಲ್ಲೋ ಆ ಒಂದು ಸೊನ್ನೆ ಒಂದಾಗಿಬಿಟ್ಟರೆ ‘ಕಂಡ’ ಹೋಗಿ ‘ಗಂಡ’ ಆಗುತ್ತದೆ. ಗಾತ್ರ ಅದೇ, ತಾರೀಖು ಅದೇ, ಫೈಲೂ ಚೆನ್ನಾಗಿ ಓಪನ್ ಆಗುತ್ತದೆ. ಯಾವ ಎಚ್ಚರಿಕೆಯೂ ಬರಲ್ಲ.

ಬರಹದ ಫೈಲಿನಲ್ಲಿ ಇಷ್ಟಕ್ಕೇ ಮುಗಿಯಿತು. ಜೆಪೆಗ್ ಫೋಟೋದಲ್ಲಿ ಹಾಗಲ್ಲ. ಅಲ್ಲಿ ಮುಂದಿನದನ್ನು ಬಿಡಿಸೋಕೆ ಹಿಂದಿನದು ಸರಿ ಇರಬೇಕು. ಹಾಗಾಗಿ ಒಂದು ಕಡೆ ಕೆಟ್ಟರೆ ಅಲ್ಲಿಂದ ಕೆಳಗೆ ಬಣ್ಣ ಬದಲಾಗುತ್ತದೆ, ಚಿತ್ರ ಪಕ್ಕಕ್ಕೆ ಸರಿಯುತ್ತದೆ, ಇಲ್ಲವೇ ಬೂದು ಪಟ್ಟಿ. ಎಂಪಿ4 ವಿಡಿಯೋದ್ದು ಇನ್ನೊಂದು ರೀತಿ. ಯಾವ ಫ್ರೇಮ್ ಎಲ್ಲಿದೆ ಅನ್ನುವ ಸೂಚಿ ಎಷ್ಟೋ ಫೈಲುಗಳಲ್ಲಿ ಕೊನೆಯಲ್ಲಿರುತ್ತದೆ. ಕೊನೆಯ ತುಣುಕು ಬರದೇ ಹೋದರೆ ಮಿಕ್ಕ 20 ಜಿಬಿ ವಿಡಿಯೋ ಇದ್ದರೂ ಪ್ಲೇಯರ್ ಬಾಯಿ ಬಿಡಲ್ಲ.

ಹ್ಯಾಶ್ ಅಂದರೆ ಏನು

ಫೈಲಿನ ಪ್ರತಿ ಬೈಟನ್ನೂ ಓದಿ, ಲೆಕ್ಕ ಹಾಕಿ, ಕೊನೆಗೆ ಒಂದು ಚಿಕ್ಕ ಗುರುತು ಕೊಡುವ ವಿಧಾನಕ್ಕೆ ಹ್ಯಾಶ್ ಅಥವಾ ಚೆಕ್‌ಸಮ್ ಅನ್ನುತ್ತಾರೆ. ಎಸ್.ಎಚ್.ಎ-256 ಅನ್ನುವುದು 64 ಅಕ್ಷರದ ಗುರುತು ಕೊಡುತ್ತದೆ, ಎಂ.ಡಿ.5 ಅನ್ನುವುದು 32 ಅಕ್ಷರದ್ದು. ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ‘ಕಂಡ’, ‘ಗಂಡ’ ಫೈಲುಗಳ ಹ್ಯಾಶ್ ತೆಗೆದು ಪಕ್ಕಪಕ್ಕ ಇಟ್ಟರೆ ಇವೆರಡಕ್ಕೂ ಸಂಬಂಧವೇ ಇಲ್ಲ ಅನಿಸುತ್ತದೆ.

ಎಂ.ಡಿ.5 ಮುರಿದುಹೋಗಿದೆ, ಬಳಸಬೇಡಿ ಅಂತ ಕೆಲವರು ಹೇಳುತ್ತಾರೆ. ಬೇಕಂತಲೇ ಮೋಸ ಮಾಡುವವರ ವಿಷಯದಲ್ಲಿ ಅದು ನಿಜ. ಕೇಬಲ್ ಸಡಿಲವಾಗಿ ತಾನಾಗಿ ಕೆಟ್ಟ ಫೈಲು ಹಿಡಿಯೋಕೆ ಎಂ.ಡಿ.5 ಧಾರಾಳ ಸಾಕು. ಆದರೂ ಹೊಸದಾಗಿ ಶುರು ಮಾಡುವವರು ಎಸ್.ಎಚ್.ಎ-256 ಇಟ್ಟುಕೊಳ್ಳಿ. ಇವತ್ತಿನ ಲ್ಯಾಪ್‌ಟಾಪಿಗೆ ಅದು ಭಾರವಲ್ಲ. ತಡ ಆಗೋದು ಡಿಸ್ಕಿನಿಂದ ಓದುವುದರಲ್ಲಿ.

ಕಾಪಿಗೆ ಮುಂಚೆ: ಕೇಬಲ್, ಪೋರ್ಟು, ಕರೆಂಟು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಫೈಲು ಕೆಡುವುದರ ಅರ್ಧ ಕಥೆ ಇಲ್ಲೇ ಇದೆ.

ಪೋರ್ಟಬಲ್ ಹಾರ್ಡ್ ಡಿಸ್ಕಿನ ಅಗಲವಾದ, ಎರಡು ತುಂಡಿನ ಪಿನ್ ನೋಡಿದ್ದೀರಲ್ಲ, ಮೈಕ್ರೋ-ಬಿ ಅಂತಾರೆ. ಅದು ಬೇಗ ಸಡಿಲವಾಗುತ್ತದೆ. ಡಿಸ್ಕನ್ನು ಟೇಬಲ್ ಮೇಲೆ ಇಟ್ಟು ಪಿನ್ ಹತ್ತಿರ ಮೆಲ್ಲಗೆ ಅಲ್ಲಾಡಿಸಿ. ದೀಪ ಮಿನುಗಿತಾ, ‘ಟಿಂಗ್’ ಅಂತ ಸದ್ದು ಬಂತಾ? ಆ ಕೇಬಲ್ ಕಸದ ಬುಟ್ಟಿಗೆ. ಟೇಪು ಸುತ್ತಿ ಇನ್ನೊಂದು ಮದುವೆ ನಡೆಸೋಣ ಅನ್ನಬೇಡಿ. ಹೊಸ ಕೇಬಲ್ಲಿನ ದುಡ್ಡು ಒಂದು ಸಂಜೆಯ ಮಿರ್ಚಿ-ಮಂಡಕ್ಕಿ ಪಾರ್ಟಿಗೆ ಆಗುವಷ್ಟೇ. ಅಂದ ಹಾಗೆ, ಮಂಡಕ್ಕಿ ತಿಂದ ಎಣ್ಣೆ ಕೈಯಲ್ಲಿ ಪಿನ್ ಮುಟ್ಟಬೇಡಿ.

ಯು.ಎಸ್.ಬಿ.ಯಲ್ಲಿ ಹೋಗುವ ಪ್ರತಿ ಪ್ಯಾಕೆಟ್ಟಿಗೂ ಅದರದ್ದೇ ಪರೀಕ್ಷೆ ಇರುತ್ತದೆ. ತಪ್ಪು ಬಂದರೆ ಮತ್ತೆ ಕಳಿಸುತ್ತದೆ. ಹಾಗಾಗಿ ಕೆಟ್ಟ ಕೇಬಲ್ಲಿನಿಂದ ಸಾಮಾನ್ಯವಾಗಿ ಆಗೋದು ನಿಧಾನ, ಇಲ್ಲವೇ ನಡುವೆ ಡಿಸ್ಕು ಕಳಚಿಕೊಳ್ಳುವುದು. ಸದ್ದಿಲ್ಲದೆ ಬಿಟ್ ಬದಲಾಗುವುದು ಹೆಚ್ಚಾಗಿ ಆ ಪರೀಕ್ಷೆಯ ಆಚೆ-ಈಚೆ: ಕಂಪ್ಯೂಟರಿನ ರ್ಯಾಮಿನಲ್ಲಿ (ಕೆಲಸದ ನಡುವೆ ಡೇಟಾ ಇಟ್ಟುಕೊಳ್ಳುವ ಮೆಮೊರಿ), ಡಿಸ್ಕನ್ನು ಕೇಬಲ್ಲಿಗೆ ಜೋಡಿಸುವ, ಡಬ್ಬಿಯೊಳಗಿನ ಯು.ಎಸ್.ಬಿ.-ಸಾಟಾ ಚಿಪ್ಪಿನಲ್ಲಿ, ಕಳಪೆ ಪೆನ್‌ಡ್ರೈವಿನ ಒಳಗೆ. ನಡುವೆ ಕಳಚಿಕೊಂಡದ್ದೂ ಸಣ್ಣ ವಿಷಯವಲ್ಲ. ಅರ್ಧ ಬರೆದ ಫೈಲು ಪೂರ್ತಿ ಹೆಸರಿನಲ್ಲೇ ಕೂತಿರಬಹುದು.

ಇನ್ನು ಪವರ್. ಯು.ಎಸ್.ಬಿ. 2.0 ಪೋರ್ಟು 500 ಮಿಲಿಆಂಪ್ ಕೊಡಬೇಕು, 3.0 ಪೋರ್ಟು 900. ಪೋರ್ಟಬಲ್ ಡಿಸ್ಕು ತಿರುಗೋದೇ ಈ ಕರೆಂಟಿನಲ್ಲಿ. ಅಡಾಪ್ಟರ್ ಇಲ್ಲದ ಅಗ್ಗದ ಹಬ್ಬಿಗೆ ಎರಡು ಡಿಸ್ಕು, ಒಂದು ಕಾರ್ಡ್ ರೀಡರ್, ಮೇಲೊಂದು ಮೌಸು ಚುಚ್ಚಿದರೆ ಯಾವುದಕ್ಕೂ ಸಾಕಾಗಲ್ಲ. ಡಿಸ್ಕಿನಿಂದ ಡಿಸ್ಕಿಗೆ ಕಾಪಿ ಮಾಡುವಾಗ ಎರಡನ್ನೂ ನೇರವಾಗಿ ಲ್ಯಾಪ್‌ಟಾಪಿಗೇ ಹಾಕಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟು ಬಿಟ್ಟು ಹಿಂದೆ, ಮದರ್‌ಬೋರ್ಡಿಗೆ ನೇರ ಇರುವ ಪೋರ್ಟು ಬಳಸಿ. ಮುಂದಿನದಕ್ಕೆ ಕ್ಯಾಬಿನೆಟ್ಟಿನ ಒಳಗೆ ಉದ್ದದ ವೈರ್ ಎಳೆದಿರುತ್ತಾರೆ.

ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳೋಕಾಗಲ್ಲ. ದೊಡ್ಡ ಕಾಪಿ ಲ್ಯಾಪ್‌ಟಾಪಿನಲ್ಲೇ ಮಾಡಿ, ಬ್ಯಾಟರಿ ತುಂಬಿರಲಿ. ಡೆಸ್ಕ್‌ಟಾಪಿನಲ್ಲೇ ಮಾಡಬೇಕಾದರೆ ಯು.ಪಿ.ಎಸ್. ಬೇಕೇ ಬೇಕು. ಅಡಾಪ್ಟರಿನಲ್ಲಿ ಓಡುವ ದೊಡ್ಡ ಡಿಸ್ಕು ಇದ್ದರೆ ಅದರ ಪ್ಲಗ್ಗೂ ಯು.ಪಿ.ಎಸ್.ಗೇ ಇರಲಿ. ಕಂಪ್ಯೂಟರ್ ಉಳಿದು ಡಿಸ್ಕು ಸತ್ತರೆ ಏನು ಉಪಯೋಗ?

ಬಿಸಿಯೂ ನೆನಪಿರಲಿ. ಹಲವು ಪೋರ್ಟಬಲ್ ಡಿಸ್ಕುಗಳಿಗೆ ಕಂಪನಿಯವರು ಹೇಳುವ ಸುತ್ತಲಿನ ಉಷ್ಣತೆಯ ಮಿತಿ 35 ಡಿಗ್ರಿ. ಏಪ್ರಿಲ್‌ನಲ್ಲಿ ದಾವಣಗೆರೆಯ ಮಧ್ಯಾಹ್ನ ಅದನ್ನು ದಾಟುತ್ತದೆ. ಶೀಟಿನ ಕೋಣೆ, ಬಟ್ಟೆ ಕವರಿನೊಳಗೇ ಇರುವ ಡಿಸ್ಕು, ಒಂದೇ ಸಮ ಎರಡು ತಾಸು ಕಾಪಿ ಅಂದರೆ ಮುಟ್ಟೋಕೂ ಆಗಲ್ಲ. ಕವರ್ ತೆಗೆದು, ಫ್ಯಾನ್ ಕೆಳಗೆ, ಗಟ್ಟಿ ಮೇಜಿನ ಮೇಲೆ ಇಡಿ. ಹಾಸಿಗೆ ಮೇಲೆ ಬೇಡ. ದೊಡ್ಡ ಕೆಲಸ ರಾತ್ರಿಗೆ ಇಟ್ಟುಕೊಂಡರೆ ಒಳ್ಳೆಯದು.

ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ಪವರ್ ಸೆಟ್ಟಿಂಗ್ಸಿನಲ್ಲಿ ಸ್ಲೀಪ್ ಅನ್ನು ‘ನೆವರ್’ ಮಾಡಿಡಿ. ಕಾಪಿ ಮುಗಿದ ಮೇಲೆ ವಾಪಸ್ ಹಾಕಿದರಾಯಿತು.

ಹೊಸ ಡಿಸ್ಕನ್ನು ಕಣ್ಣು ಮುಚ್ಚಿ ನಂಬಬೇಡಿ

ಆರೇಳು ನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಅಂತ ಆನ್‌ಲೈನಿನಲ್ಲಿ ಕಾಣಿಸುತ್ತದೆ. ಒಳಗೆ 32 ಜಿಬಿಯೋ 64 ಜಿಬಿಯೋ ಇರುತ್ತದೆ. ಚಿಪ್ ಮಾತ್ರ 2 ಟಿಬಿ ಅಂತ ಸುಳ್ಳು ಹೇಳುತ್ತದೆ. ನಿಜವಾದ ಜಾಗ ತುಂಬಿದ ಮೇಲೂ ಕಾಪಿ ಆರಾಮಾಗಿ ನಡೆಯುತ್ತಾ ಇರುತ್ತದೆ, ಯಾವ ಎರರ್ರೂ ಇಲ್ಲ. ಬರೆದದ್ದು ಹಳೆಯದರ ಮೇಲೆ ಬೀಳುತ್ತದೆ ಅಥವಾ ಗಾಳಿಗೆ ಹೋಗುತ್ತದೆ. ಮೆಮೊರಿ ಕಾರ್ಡಿನಲ್ಲೂ ಈ ಮೋಸ ಇದೆ.

ಪತ್ತೆ ಮಾಡೋದು ಸುಲಭ. ವಿಂಡೋಸಿಗೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ತಂತ್ರಾಂಶ ಇದೆ. ಲಿನಕ್ಸ್, ಮ್ಯಾಕ್‌ನಲ್ಲಿ ಎಫ್3 ಇದೆ. ಇವು ಡಿಸ್ಕಿನ ಖಾಲಿ ಜಾಗವನ್ನೆಲ್ಲ ತಮಗೆ ಗೊತ್ತಿರುವ ಡೇಟಾದಿಂದ ತುಂಬಿ, ಮತ್ತೆ ಓದಿ, ಹೋಲಿಸಿ ನೋಡುತ್ತವೆ. ಡಿಸ್ಕು ಖಾಲಿ ಇದ್ದಾಗಲೇ ಮಾಡಿ. ದೊಡ್ಡ ಡಿಸ್ಕಿಗೆ ಒಂದು ರಾತ್ರಿ ಹಿಡಿಯಬಹುದು. ಹಿಡಿಯಲಿ ಬಿಡಿ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಗೊತ್ತಾದರೆ ಸಾಕಲ್ವಾ?

ಹಳೇ ಡಿಸ್ಕಾದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ. ಡಿಸ್ಕು ತನ್ನ ಆರೋಗ್ಯದ ಲೆಕ್ಕ ತಾನೇ ಇಟ್ಟುಕೊಂಡಿರುತ್ತದೆ, ಅದನ್ನು ಸ್ಮಾರ್ಟ್ ಅನ್ನುತ್ತಾರೆ. ಪಟ್ಟಿಯಲ್ಲಿ ನೂರೆಂಟು ಸಾಲು ಇದ್ದರೂ ಮೂರು ನೋಡಿ: 05 ಅಂದರೆ ಕೆಟ್ಟು ಬದಲಿ ಹಾಕಿದ ಸೆಕ್ಟರುಗಳು (ಡಿಸ್ಕಿನ ಮೇಲೆ ಡೇಟಾ ಬರೆಯುವ ಪುಟ್ಟ ತುಂಡುಗಳು), ಸಿ5 ಅಂದರೆ ಓದೋಕೆ ಕಷ್ಟ ಕೊಡುತ್ತಿರುವವು, ಸಿ6 ಅಂದರೆ ಸರಿಪಡಿಸೋಕೆ ಆಗದವು. ಇವುಗಳ ಕೊನೆಯ ಕಾಲಂನಲ್ಲಿ ಸೊನ್ನೆ ಇರಬೇಕು. ಸಿ5 ಏರುತ್ತಾ ಹೋಗುತ್ತಿದ್ದರೆ ಆ ಡಿಸ್ಕಿಗೆ ಹೊಸದಾಗಿ ಏನೂ ಬರೆಯಬೇಡಿ, ಇರುವುದನ್ನು ಮೊದಲು ಹೊರಗೆ ತೆಗೆಯಿರಿ. ಕೆಲವು ಯು.ಎಸ್.ಬಿ. ಡಬ್ಬಿಗಳು ಈ ಮಾಹಿತಿಯನ್ನು ಹೊರಗೆ ಬಿಡುವುದಿಲ್ಲ. ಏನೂ ಕಾಣಿಸಲಿಲ್ಲ ಅಂದರೆ ಡಿಸ್ಕು ಚೆನ್ನಾಗಿದೆ ಅಂತ ತಿಳಿಯಬೇಡಿ.

ಫಾರ್ಮ್ಯಾಟ್ ಬಗ್ಗೆ ಚುಟುಕಾಗಿ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ, ವಿಡಿಯೋದವರಿಗೆ ಅದು ಆಗಿಬರಲ್ಲ. ಎಕ್ಸ್‌ಫ್ಯಾಟ್ ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ. ಆದರೆ ಅದಕ್ಕೆ ಜರ್ನಲ್, ಅಂದರೆ ಏನು ಬದಲಾಗುತ್ತಿದೆ ಅಂತ ಬರೆದಿಡುವ ದಾಖಲೆ, ಇಲ್ಲ. ಬರೆಯುವಾಗ ಕಿತ್ತರೆ ಫೋಲ್ಡರಿನ ಪಟ್ಟಿಯೇ ಕೆಡಬಹುದು. ವಿಂಡೋಸ್ ಮಾತ್ರ ಬಳಸುವವರು ಎನ್.ಟಿ.ಎಫ್.ಎಸ್. ಇಟ್ಟುಕೊಳ್ಳಿ. ಅದರ ಜರ್ನಲ್ ಪಟ್ಟಿಯನ್ನು ಕಾಯುತ್ತದೆ, ಫೈಲಿನ ಒಳಗಿನದ್ದನ್ನಲ್ಲ. ಹಾಗಾಗಿ ಎನ್.ಟಿ.ಎಫ್.ಎಸ್. ಇದೆ ಅಂತ ಹ್ಯಾಶ್ ಬಿಡಬೇಡಿ.

ಕಾಪಿ ಮಾಡುವಾಗ

ಕಟ್-ಪೇಸ್ಟ್ ಬೇಡವೇ ಬೇಡ. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಕಟ್ ಮಾಡಿದರೆ ವಿಂಡೋಸ್ ಅಲ್ಲಿ ಬರೆದು ಇಲ್ಲಿ ಅಳಿಸುತ್ತದೆ. ನೀವು ಪರೀಕ್ಷೆ ಮಾಡುವಷ್ಟರಲ್ಲಿ ಹೋಲಿಸೋಕೆ ಮೂಲವೇ ಇರಲ್ಲ. ಯಾವಾಗಲೂ ಕಾಪಿ, ಪರೀಕ್ಷೆ, ಆಮೇಲೆ ಅಳಿಸುವುದು.

ಮಾಮೂಲಿ ಕಾಪಿ ಬದಲು ಟೆರಾಕಾಪಿ ಅಥವಾ ಫಾಸ್ಟ್‌ಕಾಪಿ ಬಳಸಿದರೆ ಅರ್ಧ ಕೆಲಸ ತಾನಾಗಿ ಆಗುತ್ತದೆ. ಎರಡರಲ್ಲೂ ‘ವೆರಿಫೈ’ ಅನ್ನುವ ಆಯ್ಕೆ ಇದೆ. ಅದನ್ನು ಆನ್ ಮಾಡಿ. ಕಾಪಿ ಆದ ಮೇಲೆ ಅದೇ ಎರಡನೇ ಸಲ ಓದಿ, ಹ್ಯಾಶ್ ಹೋಲಿಸಿ, ಕೈ ಕೊಟ್ಟ ಫೈಲುಗಳನ್ನು ಪಟ್ಟಿಯಲ್ಲಿ ತೋರಿಸುತ್ತದೆ. ಟೆರಾಕಾಪಿ ಮನೆ ಬಳಕೆಗೆ ಉಚಿತ. ಸ್ಟುಡಿಯೋ, ಅಂಗಡಿಯವರು ಲೈಸೆನ್ಸ್ ತಗೋಬೇಕು. ಅದಕ್ಕೆ ದುಡ್ಡು ಕೊಡೋಕೆ ಮನಸ್ಸಿಲ್ಲ ಅಂದರೆ ಮುಂದೆ ಹೇಳುವ ಸೆವೆನ್-ಜಿಪ್ ದಾರಿ ಹಿಡಿಯಿರಿ, ಕ್ರ್ಯಾಕ್ ಮಾಡಿದ್ದನ್ನು ಹಾಕಿಕೊಂಡು ವೈರಸ್ ಕರೆಯಬೇಡಿ.

ಕಾಪಿ ಓಡುತ್ತಿರುವಾಗ ಅದೇ ಡಿಸ್ಕಿನಿಂದ ಸಿನಿಮಾ ನೋಡುವುದು, ಫೋಟೋ ತಿರುವಿ ಹಾಕುವುದು ಬೇಡ. ಫೋಟೋವನ್ನು ವ್ಯೂವರಿನಲ್ಲಿ ಒಂದು ಸಲ ತಿರುಗಿಸಿದರೂ ಕೆಲವು ತಂತ್ರಾಂಶಗಳು ಅದನ್ನು ಫೈಲಿನೊಳಗೇ ಬರೆದುಬಿಡುತ್ತವೆ. ಆಮೇಲೆ ಹ್ಯಾಶ್ ಹೊಂದುವುದಿಲ್ಲ. ಕೆಟ್ಟಿದೆ ಅಂತ ಸುಮ್ನೆ ಗಾಬರಿಯಾಗುತ್ತೀರಿ.

ಕಿತ್ತು, ಮತ್ತೆ ಹಾಕಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಾಪಿ ಆದ ತಕ್ಷಣ ಪರೀಕ್ಷೆ ಮಾಡಿದರೆ ಕಂಪ್ಯೂಟರ್ ಕೆಲವು ಸಲ ಡಿಸ್ಕಿನ ತನಕ ಹೋಗುವುದೇ ಇಲ್ಲ. ಆಗಷ್ಟೇ ಬರೆದ ಡೇಟಾ ರ್ಯಾಮಿನಲ್ಲಿ ಇನ್ನೂ ಇರುತ್ತದೆ, ಅದನ್ನೇ ಓದಿ ‘ಸರಿಯಿದೆ’ ಅಂದುಬಿಡುತ್ತದೆ. ಡಿಸ್ಕಿನ ಮೇಲೆ ಏನು ಬಿದ್ದಿದೆ ಅನ್ನುವುದು ಹಾಗೇ ಉಳಿಯುತ್ತದೆ.

ಹಾಗಾಗಿ ಕಾಪಿ ಆದ ಮೇಲೆ ‘ಸೇಫ್ಲಿ ರಿಮೂವ್’ ಅಥವಾ ‘ಇಜೆಕ್ಟ್’ ಕೊಡಿ. ತೆಗೆಯಬಹುದು ಅನ್ನುವ ಸಂದೇಶ ಬರಲಿ, ಡಿಸ್ಕಿನ ದೀಪ ನಿಲ್ಲಲಿ, ಆಮೇಲೆ ಕೀಳಿ. ಕಿತ್ತು ಮತ್ತೆ ಹಾಕಿದ ಮೇಲೆ ಓದಿದರೆ ಅದು ಡಿಸ್ಕಿನಿಂದಲೇ ಬಂದದ್ದು. ಸಾಧ್ಯವಿದ್ದರೆ ಬೇರೆ ಕಂಪ್ಯೂಟರಿಗೆ ಹಾಕಿ ಪರೀಕ್ಷೆ ಮಾಡಿ, ಆಗ ಮೊದಲ ಕಂಪ್ಯೂಟರಿನ ರ್ಯಾಮ್ ಕೆಟ್ಟಿದ್ದರೂ ಸಿಕ್ಕಿಬೀಳುತ್ತದೆ.

ಈಗೀಗ ಇಜೆಕ್ಟ್ ಬೇಕಿಲ್ಲ ಅಂತ ಹೇಳುವವರಿದ್ದಾರೆ. 2018ರಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಹೊರಗಿನ ಡಿಸ್ಕುಗಳಿಗೆ ‘ಕ್ವಿಕ್ ರಿಮೂವಲ್’ ಅನ್ನುವುದೇ ಮಾಮೂಲಿ ಸೆಟ್ಟಿಂಗ್ ಆಗಿದೆ, ಅದು ನಿಜ. ಅದರಲ್ಲಿ ವಿಂಡೋಸ್ ಡೇಟಾವನ್ನು ತನ್ನ ಹತ್ತಿರ ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ಆದರೆ ಯಾವ ತಂತ್ರಾಂಶ ಹಿಂದೆ ಏನು ಬರೆಯುತ್ತಿದೆ ನಿಮಗೆ ಗೊತ್ತಾ? ಎರಡು ಕ್ಲಿಕ್ಕಿನ ಕೆಲಸ, ಮಾಡಿಬಿಡಿ. ಡಿಸ್ಕು ಬಳಕೆಯಲ್ಲಿದೆ ಅಂತ ಹಠ ಮಾಡಿದರೆ ಕಿಟಕಿಗಳನ್ನೆಲ್ಲ ಮುಚ್ಚಿ ನೋಡಿ. ಆಗಲೂ ಬಿಡಲಿಲ್ಲ ಅಂದರೆ ಕಂಪ್ಯೂಟರನ್ನೇ ಶಟ್‌ಡೌನ್ ಮಾಡಿ ತೆಗೆಯಿರಿ. ಮ್ಯಾಕ್, ಲಿನಕ್ಸ್‌ನಲ್ಲಿ ಇಜೆಕ್ಟ್ ಇನ್ನೂ ಮುಖ್ಯ.

ಹೋಲಿಸುವುದು

ಸೆವೆನ್-ಜಿಪ್ ಬಹಳ ಜನರ ಹತ್ತಿರ ಇರುತ್ತದೆ, ಉಚಿತ, ಕೆಲಸದ ಬಳಕೆಗೂ ಅಡ್ಡಿಯಿಲ್ಲ. ಅದು ಜಿಪ್ ಬಿಡಿಸೋಕೆ ಮಾತ್ರ ಅಂದುಕೊಂಡಿದ್ದೇವೆ. ಮೂಲ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ. ವಿಂಡೋಸ್ 11 ಆದರೆ ‘ಶೋ ಮೋರ್ ಆಪ್ಷನ್ಸ್’ ಒತ್ತಿ. ಸೆವೆನ್-ಜಿಪ್ ಹತ್ತಿರವೇ ‘ಸಿ.ಆರ್.ಸಿ. ಎಸ್.ಎಚ್.ಎ.’ ಅಂತ ಒಂದು ಸಾಲು ಇರುತ್ತದೆ, ಅದರೊಳಗೆ ಎಸ್.ಎಚ್.ಎ-256 ಆರಿಸಿ. ಎಲ್ಲ ಓದಿ ಮುಗಿದ ಮೇಲೆ ಚಿಕ್ಕ ಕಿಟಕಿಯಲ್ಲಿ ಎಷ್ಟು ಫೈಲು, ಎಷ್ಟು ಫೋಲ್ಡರು, ಒಟ್ಟು ಗಾತ್ರ, ಕೆಳಗೆ ಎರಡು ಉದ್ದನೆಯ ಗುರುತು ಬರುತ್ತವೆ. ಒಂದು ‘ಡೇಟಾ’ದ್ದು, ಇನ್ನೊಂದು ‘ಡೇಟಾ ಮತ್ತು ಹೆಸರು’ಗಳದ್ದು. ಕಾಪಿಯಾದ ಫೋಲ್ಡರಿಗೂ ಹೀಗೇ ಮಾಡಿ. ಎರಡು ಕಿಟಕಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಮೊದಲ ಆರು ಅಕ್ಷರ, ಕೊನೆಯ ಆರು ಅಕ್ಷರ ನೋಡಿ. ಅವು ಹೊಂದಿದರೆ ನಡುವಿನದನ್ನು ಓದುತ್ತಾ ಕೂರಬೇಕಿಲ್ಲ.

ಡೇಟಾದ ಗುರುತು ಹೊಂದಿ ಹೆಸರಿನದ್ದು ಹೊಂದದಿದ್ದರೆ ಹೆದರಬೇಡಿ. ಯಾವುದೋ ಫೋಲ್ಡರಿನ ಹೆಸರು ಬದಲಾಗಿರಬಹುದು. ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ಕಾರಣವೂ ಇದೆ. ಮ್ಯಾಕ್‌ನ ಹಳೇ ಎಚ್.ಎಫ್.ಎಸ್. ಪ್ಲಸ್ ಫಾರ್ಮ್ಯಾಟಿನ ಡಿಸ್ಕುಗಳು ‘ಕೊ’, ‘ಕೀ’, ‘ಕೇ’ ತರದ ಅಕ್ಷರಗಳ ಸ್ವರಚಿಹ್ನೆಯನ್ನು ಎರಡು ತುಂಡು ಮಾಡಿ ಇಟ್ಟುಕೊಳ್ಳುತ್ತವೆ. ಕಣ್ಣಿಗೆ ಒಂದೇ, ಲೆಕ್ಕಕ್ಕೆ ಬೇರೆ. ‘ಮೇಘನಾ ಮದುವೆ’ ಅಂತ ಹೆಸರಿಟ್ಟ ಫೋಲ್ಡರು ಮ್ಯಾಕ್‌ಗೆ ಹೋಗಿ ಬಂದರೆ ಹೀಗಾಗಬಹುದು.

ಫೈಲಿನ ಸಂಖ್ಯೆಯೇ ಬೇರೆ ಬಂದರೆ? ವಿಂಡೋಸ್ ತಾನೇ ಇಡುವ ಥಂಬ್ಸ್ ಫೈಲು, ಮ್ಯಾಕ್ ಇಡುವ ಡಿ.ಎಸ್. ಸ್ಟೋರ್ ಮತ್ತು ಚುಕ್ಕಿಯಿಂದ ಶುರುವಾಗುವ ಪುಟ್ಟ ಫೈಲುಗಳು ಒಂದು ಕಡೆ ಸೇರಿಕೊಂಡಿರುತ್ತವೆ. ಇನ್ನೊಂದು ಕಾರಣ ಉದ್ದದ ದಾರಿ. ಫೋಲ್ಡರ್ ಒಳಗೆ ಫೋಲ್ಡರ್ ಇಟ್ಟು ಒಟ್ಟು ಹೆಸರು 260 ಅಕ್ಷರದ ಹತ್ತಿರ ಹೋದರೆ ವಿಂಡೋಸಿನ ಮಾಮೂಲಿ ಕಾಪಿ ಆ ಫೈಲನ್ನು ಬಿಟ್ಟು ಮುಂದೆ ಹೋಗುವುದುಂಟು. ನಡುವೆ ಬಂದ ಸಂದೇಶಕ್ಕೆ ‘ಸ್ಕಿಪ್’ ಒತ್ತಿ ಮರೆತಿರುತ್ತೇವೆ.

ಯಾವ ಫೈಲು ಕೆಟ್ಟಿದೆ ಅಂತ ಒಂದೊಂದಾಗಿ ಬೇಕಾದರೆ ಫ್ರೀಫೈಲ್‌ಸಿಂಕ್ ಒಳ್ಳೆಯದು. ಎಡಕ್ಕೆ ಮೂಲ, ಬಲಕ್ಕೆ ಕಾಪಿ ಹಾಕಿ, ಹೋಲಿಕೆಯ ಸೆಟ್ಟಿಂಗ್‌ನಲ್ಲಿ ‘ಫೈಲ್ ಕಂಟೆಂಟ್’ ಆರಿಸಿ, ‘ಕಂಪೇರ್’ ಮಾತ್ರ ಒತ್ತಿ. ‘ಸಿಂಕ್ರೊನೈಜ್’ ಒತ್ತಬೇಡಿ, ಅದು ಒಂದರ ಮೇಲೆ ಇನ್ನೊಂದನ್ನು ಬರೆದುಬಿಡುತ್ತದೆ. ಲಿನಕ್ಸಿನವರು ಆರ್‌ಸಿಂಕ್ ಬಳಸುತ್ತಾರೆ. ಅದು ಕಳಿಸುವಾಗ ಪರೀಕ್ಷೆ ಮಾಡುತ್ತದೆ, ಆದರೆ ಬರೆದದ್ದನ್ನು ಡಿಸ್ಕಿನಿಂದ ಮತ್ತೆ ಓದಿ ನೋಡುವುದಿಲ್ಲ. ಡಿಸ್ಕನ್ನು ಕಿತ್ತು ಹಾಕಿ, ಎರಡನೇ ಸಲ ಚೆಕ್‌ಸಮ್ ಮತ್ತು ಡ್ರೈ-ರನ್ (ಏನೂ ಬರೆಯದೆ ನೋಡುವ) ಆಯ್ಕೆಗಳ ಜೊತೆ, ಪಟ್ಟಿ ತೋರಿಸುವ ವರ್ಬೋಸ್ ಆಯ್ಕೆಯನ್ನೂ ಸೇರಿಸಿ ಓಡಿಸಿ. ಪಟ್ಟಿಯಲ್ಲಿ ಯಾವ ಫೈಲೂ ಬರಲಿಲ್ಲ ಅಂದರೆ ಎಲ್ಲ ಹೊಂದಿದೆ.

ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಪೋರ್ಟಬಲ್ ಹಾರ್ಡ್ ಡಿಸ್ಕು ಸೆಕೆಂಡಿಗೆ ಸುಮಾರು 110 ಎಂಬಿ ಓದಿದರೆ 100 ಜಿಬಿ ಮದುವೆಗೆ ಕಾಲು ಗಂಟೆ. ಹಳೇ ಯು.ಎಸ್.ಬಿ. 2.0 ಪೋರ್ಟಿಗೆ ಹಾಕಿದರೆ ಮುಕ್ಕಾಲು ಗಂಟೆ ದಾಟುತ್ತದೆ. ಎರಡು ಡಿಸ್ಕನ್ನೂ ಒಟ್ಟಿಗೆ ಓಡಲು ಬಿಟ್ಟು ಒಂದು ಬೆಣ್ಣೆದೋಸೆ ತಿಂದು ಬನ್ನಿ. ಸಣ್ಣ ಫೈಲುಗಳು ಸಾವಿರಗಟ್ಟಲೆ ಇದ್ದರೆ ಎರಡು ದೋಸೆ.

ಹೊಂದಲಿಲ್ಲ! ಈಗ ಏನು ಮಾಡೋದು?

ಏನನ್ನೂ ಅಳಿಸಬೇಡಿ. ಕೆಟ್ಟ ಕಾಪಿಯ ಮೇಲೆ ಮತ್ತೆ ಕಾಪಿ ಹೊಡೆಯಬೇಡಿ.

ಮೂಲದ ಹ್ಯಾಶನ್ನು ಇನ್ನೊಂದು ಸಲ ತೆಗೆಯಿರಿ. ಯಾರೂ ಮುಟ್ಟದ ಒಂದೇ ಫೈಲು ಎರಡು ಸಲಕ್ಕೆ ಎರಡು ಬೇರೆ ಗುರುತು ಕೊಟ್ಟರೆ ಫೈಲಿನ ತಪ್ಪಲ್ಲ. ಓದುವ ದಾರಿಯಲ್ಲಿ ತೊಂದರೆ ಇದೆ: ರ್ಯಾಮ್, ಪೋರ್ಟು, ಡಬ್ಬಿಯ ಚಿಪ್ಪು, ಇಲ್ಲವೇ ಕಾರ್ಡ್ ರೀಡರ್. ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲಿ ಪ್ರತಿ ಸಲವೂ ಒಂದೇ ಗುರುತು ಬಂದರೆ ಮೊದಲ ಕಂಪ್ಯೂಟರಿನ ರ್ಯಾಮ್ ಮೇಲೆ ಅನುಮಾನ. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಹುಡುಕಿ ಓಡಿಸಿ. ಅದಕ್ಕಿಂತ ಗಟ್ಟಿ ಪರೀಕ್ಷೆ ಬೇಕಾದರೆ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ, ರಾತ್ರಿಯಿಡೀ ಬಿಡಿ. ರ್ಯಾಮ್ ಕೆಟ್ಟ ಕಂಪ್ಯೂಟರ್ ಎಲ್ಲಕ್ಕಿಂತ ಅಪಾಯ. ಅದರ ಮೂಲಕ ಹೋದ ಪ್ರತಿ ಕಾಪಿಯೂ ಅನುಮಾನದ್ದೇ, ಹಿಂದಿನ ತಿಂಗಳದ್ದೂ ಸೇರಿ.

ಮೂಲ ಎರಡು ಸಲವೂ ಒಂದೇ ಗುರುತು ಕೊಟ್ಟರೆ ಕೆಟ್ಟಿರುವುದು ಕಾಪಿ. ಬೇರೆ ಕೇಬಲ್, ಬೇರೆ ಪೋರ್ಟು, ಹೊಸ ಹೆಸರಿನ ಫೋಲ್ಡರು. ಮತ್ತೆ ಕಾಪಿ, ಮತ್ತೆ ಪರೀಕ್ಷೆ. ಈಗ ಹೊಂದಿತು ಅಂದರೆ ಹಳೇ ಕೇಬಲ್ಲಿಗೆ ವಿದಾಯ. ಎಲ್ಲ ಬದಲಾಯಿಸಿದರೂ ಅದೇ ಡಿಸ್ಕಿನಲ್ಲಿ ಮಾತ್ರ ಕೆಡುತ್ತಿದ್ದರೆ ಆ ಡಿಸ್ಕು ಕೆಲಸಕ್ಕೆ ಬೇಡ. ಅದನ್ನು ‘ಸಿನಿಮಾ ಹಾಕೋಕೆ’ ಅಂತ ಉಳಿಸಿಕೊಂಡರೆ ಯಾರೋ ಅವಸರದಲ್ಲಿ ಮದುವೆ ಹಾಕಿಬಿಡುತ್ತಾರೆ. ಮೇಲೆ ಕೆಂಪು ಟೇಪಾದರೂ ಸುತ್ತಿ.

ಓದುವಾಗಲೇ ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಅನ್ನುವ ಎರರ್ ಬಂದರೆ, ಅಥವಾ ಡಿಸ್ಕು ಟಿಕ್ ಟಿಕ್ ಅಂತ ಸದ್ದು ಮಾಡಿದರೆ ಕಾಪಿ ನಿಲ್ಲಿಸಿ. ಇಂಥ ಹೊತ್ತಲ್ಲಿ ಎಲ್ಲರೂ ಕೊಡುವ ಸಲಹೆ ‘ಚೆಕ್‌ಡಿಸ್ಕ್ ಹೊಡಿ’. ಮಾಡಬೇಡಿ. ಚೆಕ್‌ಡಿಸ್ಕ್ ಅನ್ನುವ ವಿಂಡೋಸಿನ ರಿಪೇರಿ ತಂತ್ರಾಂಶ ಸರಿಮಾಡುವುದು ಫೈಲುಗಳ ಪಟ್ಟಿಯನ್ನು, ಫೈಲುಗಳನ್ನಲ್ಲ. ಪಟ್ಟಿ ಹೊಂದಿಸುವ ಭರದಲ್ಲಿ ಫೈಲುಗಳನ್ನು ತುಂಡು ಮಾಡಿ ಬೇರೆ ಕಡೆ ಇಟ್ಟುಬಿಡಬಹುದು. ಸಾಯುತ್ತಿರುವ ಡಿಸ್ಕಿಗೆ ಅಷ್ಟು ಕೆಲಸ ಕೊಡುವುದೂ ಸರಿಯಲ್ಲ. ಲಿನಕ್ಸ್ ಗೊತ್ತಿರುವವರ ಹತ್ತಿರ ಡಿಡಿರೆಸ್ಕ್ಯೂ ಹಾಕಿಸಿ. ಅದು ಸುಲಭವಾಗಿ ಓದಲು ಬರುವ ಭಾಗವನ್ನೆಲ್ಲ ಮೊದಲು ಬೇರೆ ಡಿಸ್ಕಿಗೆ ಇಳಿಸಿಕೊಂಡು, ಕಷ್ಟದ ಭಾಗಕ್ಕೆ ಕೊನೆಗೆ ಕೈ ಹಾಕುತ್ತದೆ. ಸದ್ದು ಬರುತ್ತಿರುವ ಡಿಸ್ಕಿನಲ್ಲಿ ಬೆಲೆ ಕಟ್ಟಲಾಗದ್ದೇನಾದರೂ ಇದ್ದರೆ ಅದನ್ನೂ ಮಾಡಬೇಡಿ, ಆಫ್ ಮಾಡಿ ಡೇಟಾ ರಿಕವರಿಯವರ ಹತ್ತಿರ ಒಯ್ಯಿರಿ.

ಕಾರ್ಡು ಫಾರ್ಮ್ಯಾಟ್ ಆಗಿಹೋಗಿದೆ, ಆದರೆ ಅದರ ಮೇಲೆ ಹೊಸದಾಗಿ ಏನೂ ತೆಗೆದಿಲ್ಲ ಅಂದರೆ ಫೋಟೋರೆಕ್ ಅನ್ನುವ ಉಚಿತ ತಂತ್ರಾಂಶ ಬಹಳಷ್ಟು ವಾಪಸ್ ತರಬಹುದು. ತಂದದ್ದನ್ನು ಅದೇ ಕಾರ್ಡಿಗೆ ಬರೆಯಬೇಡಿ. ಹೆಸರುಗಳು ಹೋಗಿರುತ್ತವೆ, ವಿಂಗಡಿಸುವ ಕೆಲಸ ನಿಮ್ಮದು.

ಗುರುತಿನ ಚೀಟಿ ಇಟ್ಟುಕೊಳ್ಳಿ

ಪರೀಕ್ಷೆ ಒಂದು ಸಲ ಪಾಸಾದ ಮೇಲೆ ಆ ಹ್ಯಾಶ್‌ಗಳನ್ನು ಎಸೆಯಬೇಡಿ. ಸೆವೆನ್-ಜಿಪ್‌ನ ಅದೇ ಮೆನುವಿನಲ್ಲಿ ಎಸ್.ಎಚ್.ಎ-256 ಅನ್ನು ಫೈಲಾಗಿ ಉಳಿಸುವ ಆಯ್ಕೆ ಇದೆ. ಪ್ರತಿ ಫೈಲಿನ ಹೆಸರು, ಗುರುತು ಒಂದೊಂದು ಸಾಲಿನಲ್ಲಿ ಬರುತ್ತದೆ. ಫೋಲ್ಡರಿನ ಪಕ್ಕದಲ್ಲೊಂದು, ನಿಮ್ಮ ಇಮೇಲಿನಲ್ಲೊಂದು ಇಡಿ. ಎಷ್ಟೇ ದೊಡ್ಡ ಮದುವೆಯಾದರೂ ಈ ಫೈಲು ಒಂದು ಫೋಟೋಗಿಂತ ಚಿಕ್ಕದು.

ಇದರಿಂದ ಎರಡು ಲಾಭ. ಡಿಸ್ಕು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋದಾಗ ಅಲ್ಲಿಯವರು ಇದೇ ಚೀಟಿ ಇಟ್ಟುಕೊಂಡು ಪರೀಕ್ಷೆ ಮಾಡಬಹುದು, ನಿಮ್ಮ ಮೂಲ ಡಿಸ್ಕು ಪಕ್ಕದಲ್ಲೇ ಇರಬೇಕಿಲ್ಲ. ‘ನೀವು ಕೊಟ್ಟಾಗಲೇ ಕೆಟ್ಟಿತ್ತು’, ‘ಇಲ್ಲ, ನಿಮ್ಮ ಕಡೆ ಕೆಟ್ಟಿದ್ದು’ ಅನ್ನುವ ಜಗಳವೂ ಐದು ನಿಮಿಷದಲ್ಲಿ ತೀರುತ್ತದೆ. ಎರಡನೆಯದು, ಕಪಾಟಿನಲ್ಲಿ ಸುಮ್ಮನೆ ಇದ್ದ ಡಿಸ್ಕೂ ಕೆಡುತ್ತದೆ. ವರ್ಷಕ್ಕೊಂದು ಸಲ, ಮಳೆಗಾಲದಲ್ಲಿ ಕೆಲಸ ಕಡಿಮೆ ಇದ್ದಾಗ, ಹಳೇ ಡಿಸ್ಕುಗಳನ್ನು ತೆಗೆದು ಚೀಟಿಯ ಜೊತೆ ಹೋಲಿಸಿ. ಕೆಟ್ಟ ಫೈಲು ಸಿಕ್ಕರೆ ಎರಡನೇ ಡಿಸ್ಕಿನಿಂದ ತಂದು ಹಾಕಿ. ಎರಡನೇ ಡಿಸ್ಕು ಇರಬೇಕು ಅನ್ನುವುದನ್ನು ಬೇರೆ ಹೇಳಬೇಕಿಲ್ಲ ಅಲ್ವಾ? ಎಸ್.ಎಸ್.ಡಿ.ಯನ್ನು ವರ್ಷಗಟ್ಟಲೆ ಕರೆಂಟಿಲ್ಲದೆ ಬಿಸಿ ಕಪಾಟಿನಲ್ಲಿ ಬಿಡುವುದಂತೂ ಒಳ್ಳೆಯದಲ್ಲ. ಹಳೇ ದಾಖಲೆ ಇಡೋಕೆ ಹಾರ್ಡ್ ಡಿಸ್ಕೇ ವಾಸಿ.

ಫೋಟೋಗಳನ್ನೆಲ್ಲ ಒಂದು ದೊಡ್ಡ ಜಿಪ್ ಮಾಡಿ ಇಟ್ಟರೆ ಪರೀಕ್ಷೆ ಸುಲಭ ಅನ್ನುವವರಿದ್ದಾರೆ. ಜಿಪ್ ಒಳಗೆ ಪ್ರತಿ ಫೈಲಿಗೂ ಸಿ.ಆರ್.ಸಿ. ಗುರುತು ಇರುತ್ತದೆ, ನಿಜ. ಆದರೆ ಜೆಪೆಗ್ ಜಿಪ್ ಮಾಡಿದರೆ ಜಾಗ ಉಳಿಯಲ್ಲ, ಜಿಪ್‌ನ ಕೊನೆಯಲ್ಲಿರುವ ಪಟ್ಟಿ ಕೆಟ್ಟರೆ ತೆರೆಯೋಕೂ ಪರದಾಟ. ಹಾಗೇ ಬಿಡಿ, ಪಕ್ಕದಲ್ಲಿ ಚೀಟಿ ಇಡಿ.

ಕಾರ್ಡನ್ನು ಯಾವಾಗ ಖಾಲಿ ಮಾಡಬಹುದು ಅನ್ನುವುದಕ್ಕೆ ಸ್ಟುಡಿಯೋದ ಗೋಡೆ ಮೇಲೆ ಒಂದು ಸಾಲು ಬರೆದು ಅಂಟಿಸಿಬಿಡಿ: ಎರಡು ಡಿಸ್ಕಿನಲ್ಲಿ ಕಾಪಿ ಇರಬೇಕು, ಎರಡೂ ಕಿತ್ತು ಹಾಕಿದ ಮೇಲೆ ಹ್ಯಾಶ್ ಹೊಂದಿರಬೇಕು, ಆಮೇಲೆ ಫಾರ್ಮ್ಯಾಟ್. ಅದೂ ಕಂಪ್ಯೂಟರಿನಲ್ಲಿ ಬೇಡ, ಕ್ಯಾಮೆರಾದಲ್ಲೇ ಮಾಡಿ.